ಗೆಳತಿಯ ಹಾಯಿದೋಣಿಯ ಫೋಟೊ: ಒಂದು ಆಪ್ತಸಲಹೆ ಪ್ರಕರಣ

ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಊರು, ಮನೆ ಮತ್ತು ಉದ್ಯೋಗದ ಕೆಲವು ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಮೂವತ್ತೈದರ ಆಸುಪಾಸಿನ ಈ ಮಹಿಳೆ ಜಿಲ್ಲಾ ಕೇಂದ್ರವೊಂದರ ಕಾಲೇಜಿನಲ್ಲಿ ಭೂವಿಜ್ಞಾನದ ಅತಿಥಿ ಉಪನ್ಯಾಸಕಿ. ರಾತ್ರಿ ನಿದ್ರೆ ಬರುವುದಿಲ್ಲ, ಮಕ್ಕಳ ಮೇಲೆ ವಿನಾಕಾರಣ ರೇಗುತ್ತೇನೆ ಎಂದು ಹೇಳಿಕೊಂಡು ಬಂದವರು, ಮಾತು ಸ್ವಲ್ಪ ಮುಂದುವರಿದ ಮೇಲೆ, "ಹೇಳಿದರೆ ಚಿಕ್ಕ ವಿಷಯ ಅನ್ನಿಸುತ್ತೆ ಮೇಡಂ, ಒಂದು ಫೋಟೊ ನೋಡಿದ ಮೇಲೆ ಇದೆಲ್ಲ ಶುರುವಾಯಿತು" ಎಂದರು.

ಎಂ.ಎಸ್ಸಿ. ಓದುವಾಗ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದ ಗೆಳತಿ ಈಗ ಜರ್ಮನಿಯಲ್ಲಿ ಕೆಲಸದಲ್ಲಿದ್ದಾಳೆ. ರಜೆಯಲ್ಲಿ ಕ್ರೊಯೇಷಿಯಾಕ್ಕೆ ಹೋಗಿದ್ದಾಗ, ಏಡ್ರಿಯಾಟಿಕ್ ಸಮುದ್ರದ ಹ್ವಾರ್ ದ್ವೀಪದ ಬಳಿ ಹಾಯಿದೋಣಿಯ ಮೇಲೆ ತೆಗೆಸಿಕೊಂಡ ಚಿತ್ರವನ್ನು ಅವಳು ಇನ್‌ಸ್ಟಾಗ್ರಾಂನಲ್ಲಿ ಹಾಕಿದ್ದಳು. ದೋಣಿ ಒಂದು ಮಗ್ಗುಲಿಗೆ ವಾಲಿದೆ, ಹಾಯಿ ಗಾಳಿ ತುಂಬಿ ಉಬ್ಬಿದೆ, ಗೆಳತಿ ಎತ್ತರದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕುಳಿತು ಬಾಯಿತುಂಬ ನಗುತ್ತಿದ್ದಾಳೆ. ಈಕೆ ಅದನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡು, ಮನೆಯವರೆಲ್ಲ ಮಲಗಿದ ಮೇಲೆ ತೆಗೆದು ನೋಡುತ್ತಿದ್ದರು. ಅಲ್ಲಿನ ದೋಣಿಗಳನ್ನು ಸಾಮಾನ್ಯವಾಗಿ ಶನಿವಾರದಿಂದ ಶನಿವಾರಕ್ಕೆ ಬಾಡಿಗೆಗೆ ಕೊಡುತ್ತಾರೆ ಎಂಬುದರಿಂದ ಹಿಡಿದು, ಬೇಸಿಗೆಯ ಮಧ್ಯಾಹ್ನಗಳಲ್ಲಿ ಬೀಸುವ ವಾಯವ್ಯದ ಗಾಳಿಯನ್ನು ಅಲ್ಲಿಯವರು ಮಯಿಸ್ತ್ರಾಲ್ ಎನ್ನುತ್ತಾರೆ ಎಂಬುದರವರೆಗೆ ಎಲ್ಲವನ್ನೂ ಹುಡುಕಿ ತಿಳಿದುಕೊಂಡಿದ್ದರು. ಅಷ್ಟು ಹೊತ್ತಿಗೆ ಗೆಳತಿಯ ಕರೆಗಳಿಗೆ ಉತ್ತರಿಸುವುದನ್ನು ಮಾತ್ರ ನಿಲ್ಲಿಸಿದ್ದರು.

ಇಂತಹ ದೂರಿಗೆ ಕಾರಣ ಮೇಲುನೋಟಕ್ಕೆ ಎಷ್ಟೇ ಸಣ್ಣದಾಗಿ ಕಂಡರೂ, ನಿದ್ರೆ ಕೆಟ್ಟಿದೆ ಎಂದವರನ್ನು ಮೊದಲು ವಿಚಾರಿಸಬೇಕಾದ ವಿಷಯಗಳು ಬೇರೆ ಇವೆ. ಎರಡು ವಾರಗಳಿಗೂ ಮೀರಿ ಬಹುತೇಕ ದಿನವಿಡೀ ಮನಸ್ಸು ಕುಗ್ಗಿರುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಹಸಿವು ಕೆಡುವುದು, ಬದುಕು ಸಾಕೆನ್ನಿಸುವುದು ಇವೆಯೇ ಎಂದು ಒಂದೊಂದಾಗಿ ಕೇಳಿದೆ. ನಿದ್ರೆಯೊಂದನ್ನು ಬಿಟ್ಟರೆ ಅಂತಹ ಲಕ್ಷಣಗಳು ಕಾಣಲಿಲ್ಲ. ಆದರೂ ಸ್ಥಿತಿ ಬದಲಾದರೆ ಮನೋವೈದ್ಯರನ್ನು ಕಾಣಬೇಕೆಂದು ಹೇಳಿ, ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲಿಯೇ ಮಾತನಾಡಬಹುದಾದ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಉಚಿತ ಸಂಖ್ಯೆ 14416 ಅನ್ನು ಬರೆದುಕೊಟ್ಟೆ.

ಮನೆಯಲ್ಲಿ ಅವರಿಗೆ ಎರಡು ಬುದ್ಧಿಮಾತುಗಳು ಸಿಕ್ಕಿದ್ದವು. ಪತಿ "ಆ ಆ್ಯಪ್ ತೆಗೆದುಹಾಕು" ಎಂದರೆ, ಅತ್ತೆ "ನಮಗಿಂತ ಕೆಳಗಿರುವವರನ್ನು ನೋಡಿ ಸಮಾಧಾನ ಮಾಡಿಕೊಳ್ಳಮ್ಮ" ಎಂದಿದ್ದರು. ಎರಡೂ ಕಾಳಜಿಯ ಮಾತುಗಳೇ, ಆದರೆ ಎರಡೂ ಅವರ ಬಾಯಿ ಮುಚ್ಚಿಸಿದ್ದವು. ಮನುಷ್ಯ ತನ್ನನ್ನು ಹೋಲಿಸಿಕೊಳ್ಳುವುದು ತನಗೆ ಸರಿಸಮನಾಗಿ ಕಾಣುವವರೊಡನೆ ಎಂದು ಅಮೆರಿಕದ ಮನೋವಿಜ್ಞಾನಿ ಲಿಯಾನ್ ಫೆಸ್ಟಿಂಗರ್ 1954ರಲ್ಲಿಯೇ ಬರೆದಿದ್ದಾರೆ. ಐಷಾರಾಮಿ ಹಡಗಿನ ಮೇಲೆ ನಿಂತ ಚಿತ್ರನಟಿಯ ಫೋಟೊ ಈಕೆಯ ನಿದ್ರೆ ಕೆಡಿಸುತ್ತಿರಲಿಲ್ಲ. ಒಂದೇ ಬಕೆಟ್ಟನ್ನು ಹಂಚಿಕೊಂಡು ಸ್ನಾನ ಮಾಡಿದವಳ, ಪರೀಕ್ಷೆಯಲ್ಲಿ ಒಂದೆರಡು ಅಂಕ ಹಿಂದೆಯೇ ಇದ್ದವಳ ಫೋಟೊ ಕೆಡಿಸಿತು.

ಫೋಟೊವನ್ನು ನನಗೂ ತೋರಿಸಲು ಕೇಳಿ, ರಾತ್ರಿ ನೋಡುವಾಗ ಅದರ ಯಾವ ಭಾಗವನ್ನು ದೊಡ್ಡದು ಮಾಡಿಕೊಳ್ಳುತ್ತೀರಿ ಎಂದು ವಿಚಾರಿಸಿದೆ. ಅವರು ಎರಡು ಬೆರಳುಗಳಿಂದ ಪರದೆಯನ್ನು ಹಿಗ್ಗಿಸಿದರು. ಗೆಳತಿಯ ಮುಖ ಚೌಕಟ್ಟಿನಿಂದ ಹೊರಗೆ ಹೋಯಿತು, ಹಾಯಿಯೂ ಹೋಯಿತು. ಹಿಂದೆ ನೀರಿಗೆ ತಾಗಿದಂತೆ ಬೆಳ್ಳಗೆ ಕಾಣುತ್ತಿದ್ದ ಬಂಡೆಯ ದಡ ಮಾತ್ರ ಉಳಿಯಿತು. "ಇದು ಸುಣ್ಣಕಲ್ಲು ಮೇಡಂ. ನೀರಿನಲ್ಲಿ ಕರಗಿ ಕರಗಿ ಗುಹೆ, ಕುಳಿಗಳಾಗುವ ಕಾರ್ಸ್ಟ್ ಭೂರೂಪಕ್ಕೆ ಆ ಹೆಸರು ಬಂದದ್ದೇ ಆ ಕಡೆಯ ಪ್ರದೇಶದಿಂದ. ಪ್ರತಿ ವರ್ಷ ಬೋರ್ಡಿನ ಮೇಲೆ ಇದರ ಚಿತ್ರ ಬರೆದು ಪಾಠ ಮಾಡುತ್ತೇನೆ" ಎಂದವರಿಗೆ ಮುಂದೆ ಮಾತು ಹೊರಡಲಿಲ್ಲ.

ಆಮೇಲೆ ಹೊರಬಂದದ್ದು ಹಳೆಯ ಸಂಗತಿ. ಅಂತಿಮ ವರ್ಷದಲ್ಲಿ ತರಗತಿಯವರೆಲ್ಲ ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರಿ ದ್ವೀಪಕ್ಕೆ ಕ್ಷೇತ್ರ ಅಧ್ಯಯನಕ್ಕೆ ಹೋಗುವುದೆಂದು ನಿಶ್ಚಯವಾಗಿತ್ತು. ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ ಲಾವಾ ತಣ್ಣಗಾಗಿ ಕಂಬಗಳಂತೆ ನಿಂತಿರುವ ಆ ಶಿಲೆಗಳನ್ನು ನೋಡಲು ಗೆಳತಿಯರಿಬ್ಬರೂ ವರ್ಷದಿಂದ ಕಾದಿದ್ದರು. ಹೊರಡುವ ಮುನ್ನಾದಿನ ಇವರ ತಂದೆಗೆ ಪಾರ್ಶ್ವವಾಯು ಹೊಡೆಯಿತು. ಊರಿಗೆ ಹೋದವರು ಪರೀಕ್ಷೆ ಬರೆಯಲಷ್ಟೇ ಹಿಂತಿರುಗಿದರು, ಪಿಎಚ್.ಡಿ.ಗೆ ಅರ್ಜಿ ಹಾಕುವ ಮಾತು ಅಲ್ಲಿಗೇ ನಿಂತಿತು. ತಂದೆಯ ಆರೈಕೆ ಇಂದಿಗೂ ಇವರದೇ. ಬೆಂಗಳೂರಿನಲ್ಲಿರುವ ಅಣ್ಣ ತಿಂಗಳಿಗೆ ಹಣ ಕಳುಹಿಸುತ್ತಾರೆ.

ಇಂತಹ ಸಂದರ್ಭದಲ್ಲಿ "ಫೋಟೊದ ಹಿಂದೆ ಅವಳಿಗೂ ಎಷ್ಟು ಕಷ್ಟವಿದೆಯೋ ಯಾರಿಗೆ ಗೊತ್ತು" ಎಂದು ಸಮಾಧಾನ ಹೇಳುವುದು ಬಹಳ ಸುಲಭ. ನಾನು ಅದನ್ನು ಹೇಳಲಿಲ್ಲ, ಹೇಳಬಾರದೆಂದೇ ನನ್ನ ಗಟ್ಟಿಯಾದ ಅಭಿಪ್ರಾಯ. ಗೆಳತಿ ನಿಜವಾಗಿಯೂ ಸಂತೋಷವಾಗಿರಬಹುದು, ಇರಲಿ. ಅವಳು ದುಃಖದಲ್ಲಿದ್ದರೆ ಮಾತ್ರ ನನಗೆ ನೆಮ್ಮದಿ ಎಂಬ ಲೆಕ್ಕಾಚಾರ ಸ್ನೇಹವನ್ನೂ ಉಳಿಸುವುದಿಲ್ಲ, ನೆಮ್ಮದಿಯನ್ನೂ ಕೊಡುವುದಿಲ್ಲ. ನಾನು ಹೇಳಿದ್ದು ಇಷ್ಟು: "ನೀವು ಹೊಟ್ಟೆಕಿಚ್ಚಿನವರೆಂದು ನಿಮ್ಮನ್ನೇ ಬೈದುಕೊಳ್ಳುತ್ತಿದ್ದೀರಿ. ಇದರಲ್ಲಿ ಅಸೂಯೆ ಸ್ವಲ್ಪ ಇದೆ, ಅದಕ್ಕಿಂತ ಹೆಚ್ಚಾಗಿ ನೀವು ಕಳೆದುಕೊಂಡದ್ದರ ದುಃಖವಿದೆ. ತಂದೆಯನ್ನು ನೋಡಿಕೊಂಡಿದ್ದು ಸರಿ ಎಂಬುದೂ ನಿಜ, ಅದರಿಂದ ನಿಮ್ಮ ಓದು ನಿಂತಿತು ಎಂಬುದೂ ನಿಜ. ಒಂದನ್ನು ಒಪ್ಪಿಕೊಂಡರೆ ಇನ್ನೊಂದಕ್ಕೆ ದ್ರೋಹ ಮಾಡಿದಂತೆ ಆಗುವುದಿಲ್ಲ."

ಸಲಹೆಗಳಲ್ಲಿ ಮೊದಲನೆಯದು ನಿದ್ರೆಗೆ ಸಂಬಂಧಿಸಿದ್ದು. ಫೋನನ್ನು ಮಲಗುವ ಕೋಣೆಯ ಹೊರಗೆ ಚಾರ್ಜಿಗೆ ಹಾಕುವುದು. ಫೋಟೊವನ್ನು ಅಳಿಸಬೇಕಾಗಿಲ್ಲ, ನೋಡಬೇಕೆನ್ನಿಸಿದರೆ ಹಗಲಿನಲ್ಲಿ ನೋಡುವುದು. ಎರಡನೆಯದು ಗೆಳತಿಗೆ ಬರೆಯುವುದು: ಕ್ಷಮೆ ಕೇಳುವ ಉದ್ದನೆಯ ಪತ್ರವೂ ಬೇಡ, ಬರೀ ಹೃದಯದ ಚಿಹ್ನೆಯೂ ಬೇಡ, ನಿಜವಾದ ನಾಲ್ಕು ಸಾಲು ಸಾಕು. ಸಲಹಾ ಕೊಠಡಿಯಲ್ಲಿಯೇ ಹಲವು ಸಲ ಬರೆದು ಹೊಡೆದುಹಾಕಿದ ಮೇಲೆ ಉಳಿದದ್ದು ಹೀಗಿತ್ತು: "ಫೋಟೊ ನೋಡಿದೆ ಕಣೇ. ಖುಷಿಯೂ ಆಯ್ತು, ತುಂಬಾ ಸಂಕಟವೂ ಆಯ್ತು, ಅದಕ್ಕೇ ಫೋನ್ ಎತ್ತಲಿಲ್ಲ. ಮಲ್ಪೆಗೆ ಬರಲಾಗದ್ದು ಇನ್ನೂ ಮನಸ್ಸಿನಲ್ಲಿದೆ. ಆ ದಡದ ಕಲ್ಲನ್ನು ಹತ್ತಿರದಿಂದ ತೆಗೆದ ಫೋಟೊ ಇದ್ದರೆ ಕಳಿಸು, ಪಾಠಕ್ಕೆ ಬೇಕು."

ಗೆಳತಿ ಫೋಟೊಗಳನ್ನು ಕಳುಹಿಸಿದಳು. ನೀನು ಮಾತು ಬಿಟ್ಟದ್ದೇಕೆಂದು ತಿಳಿಯದೆ ಕಂಗಾಲಾಗಿದ್ದೆ ಎಂದು ಹೇಳಿ, ಉದ್ದನೆಯ ಧ್ವನಿಸಂದೇಶವನ್ನೂ ಕಳುಹಿಸಿದಳು. ಮುಂದಿನ ಭೇಟಿಯಲ್ಲಿ ಈಕೆ ಅದನ್ನು ನನಗೂ ಕೇಳಿಸಿದರು. ನಿದ್ರೆ ಸುಧಾರಿಸುತ್ತಿದೆ, ಮಕ್ಕಳ ಮೇಲಿನ ರೇಗಾಟವೂ ತಗ್ಗಿದೆ. ಆದರೆ ಹಳೆಯ ಸ್ನೇಹ ಮೊದಲಿನಂತೆ ಆಗಿಲ್ಲ, ವಾರಕ್ಕೊಮ್ಮೆ ಮಾತನಾಡುವಾಗಲೂ ಕೆಲವೊಮ್ಮೆ ಹೊಟ್ಟೆಯಲ್ಲಿ ಏನೋ ಹಿಂಡಿದಂತಾಗುತ್ತದೆ ಎಂದು ಅವರೇ ಹೇಳುತ್ತಾರೆ.

ಮೂರನೆಯ ಸಲಹೆಯೇ ಅತ್ಯಂತ ಕಷ್ಟದ್ದು. ಅಣ್ಣನ ಬಳಿ ಹಣದ ಬದಲು ದಿನಗಳನ್ನು ಕೇಳಬೇಕೆಂದು ಸೂಚಿಸಿದ್ದೆ, ಏಕೆಂದರೆ ಮನೆಯ ಹೆಣ್ಣುಮಗಳೇ ನೋಡಿಕೊಳ್ಳುತ್ತಾಳೆ ಎಂಬ ಭಾವನೆ ಯಾರೂ ಬಾಯಿಬಿಟ್ಟು ಹೇಳದೆಯೇ ನಡೆದುಬಂದಿತ್ತು. ಕೇಳಿದಾಗ ಅಣ್ಣ ಸಿಟ್ಟಾಗಲಿಲ್ಲ. ತಿಂಗಳಿಗೆ ಒಂದು ಶನಿವಾರ, ಭಾನುವಾರ ಬಂದು ಇರುವುದಾಗಿ ಒಪ್ಪಿಕೊಂಡರು. ಮೊದಲ ಸಲ ಅವರು ಬಂದಾಗ ಈಕೆ ಮನೆಯಿಂದ ಹೊರಗೆ ಹೋಗಲೇ ಇಲ್ಲ, ತಂದೆಗೆ ಮಾತ್ರೆ ಕೊಡುವ ಹೊತ್ತಿಗೆಲ್ಲ ತಾವೇ ಎದ್ದು ಹೋಗುತ್ತಿದ್ದರು. ತಾವಿಲ್ಲದಿದ್ದರೂ ತಂದೆಗೆ ಊಟ, ಔಷಧಿ ಹೊತ್ತಿಗೆ ಸರಿಯಾಗಿ ಸಿಗುತ್ತದೆ ಎಂದು ನಂಬುವುದು ಅವರಿಗೆ ಇನ್ನೂ ಸಾಧ್ಯವಾಗಿಲ್ಲ, ಹಾಗಾಗಿ ಈಗಿನ ಭೇಟಿಗಳಲ್ಲಿ ನಾವು ಮಾತನಾಡುತ್ತಿರುವುದು ಅದರ ಬಗ್ಗೆಯೇ.