ಬೇಸ್ ಗಿಟಾರ್: ನಿಂತು ನುಡಿಸಿದರೆ ಮಣಿಕಟ್ಟು ಯಾಕೆ ನೋಯುತ್ತದೆ?

ಪ್ರಶ್ನೆ: ಸರ್, ಒಂದು ವರ್ಷದಿಂದ ಬೇಸ್ ಗಿಟಾರ್ ಕಲಿಯುತ್ತಿದ್ದೇನೆ. ನಮ್ಮ ಚರ್ಚ್ ಬ್ಯಾಂಡಿನಲ್ಲಿ ನುಡಿಸುತ್ತೇನೆ. ಮನೆಯಲ್ಲಿ ಕೂತು ಅಭ್ಯಾಸ ಮಾಡುವಾಗ ಏನೂ ತೊಂದರೆ ಇಲ್ಲ. ನಿಂತು ನುಡಿಸಿದರೆ ಮಾತ್ರ ಎರಡು ಮೂರು ಹಾಡಿಗೇ ಎಡ ಮಣಿಕಟ್ಟು ಮತ್ತು ಹೆಬ್ಬೆರಳಿನ ಬುಡ ನೋಯುತ್ತವೆ. ನನ್ನ ಕೈ ಚಿಕ್ಕದು. ಬೆರಳಿಗೆ ಬಲ ಬರುವ ವ್ಯಾಯಾಮ ಇದ್ದರೆ ತಿಳಿಸಿ.
– ಓದುಗರು, ಮಂಗಳೂರು

ಉತ್ತರ: ವ್ಯಾಯಾಮಕ್ಕೆ ಮೊದಲು ಸ್ಟ್ರಾಪ್ ನೋಡೋಣ. ಕೂತಾಗ ನೋವಿಲ್ಲ, ನಿಂತಾಗ ಇದೆ ಅಂತ ನೀವೇ ಬರೆದಿದ್ದೀರಿ. ಕೈ ಅದೇ, ಗಿಟಾರ್ ಅದೇ. ಬದಲಾಗಿರುವುದು ಗಿಟಾರ್ ತೂಗುವ ಎತ್ತರ.

ಒಂದು ಪರೀಕ್ಷೆ ಮಾಡಿ. ಮಣಿಕಟ್ಟನ್ನು ಒಳಕ್ಕೆ ಪೂರ್ತಿ ಮಡಚಿ, ಹಾಗೇ ಇಟ್ಟುಕೊಂಡು ಮುಷ್ಟಿ ಬಿಗಿಯಲು ನೋಡಿ. ಬಿಗಿಯಾಗುವುದಿಲ್ಲ, ಅಲ್ವಾ? ಈಗ ಮಣಿಕಟ್ಟು ನೇರ ಮಾಡಿ ಬಿಗಿಯಿರಿ. ಸುಲಭ. ಬೆರಳನ್ನು ಮಡಚುವ ದೊಡ್ಡ ಸ್ನಾಯುಗಳು ಇರುವುದು ಮುಂಗೈಯಲ್ಲಿ. ಅವುಗಳ ಸ್ನಾಯುರಜ್ಜುಗಳು (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಗಳು) ಮಣಿಕಟ್ಟಿನ ಇಕ್ಕಟ್ಟಾದ ದಾರಿಯಲ್ಲಿ ಹಾದು ಬೆರಳಿಗೆ ಬರುತ್ತವೆ. ಮಣಿಕಟ್ಟು ಮಡಚಿದಷ್ಟೂ ಅಲ್ಲಿ ಒತ್ತಡ ಜಾಸ್ತಿ, ಬೆರಳಿಗೆ ಬಲ ಕಡಿಮೆ. ಗಿಟಾರ್ ಕೆಳಗೆ ಇಳಿಬಿಟ್ಟರೆ ತಂತಿ ಮುಟ್ಟಲು ಮಣಿಕಟ್ಟು ಮಡಚಲೇಬೇಕು. ನಿಮ್ಮ ನೋವು ಶುರುವಾಗುವುದು ಬಹುಶಃ ಅಲ್ಲೇ.

ಹೀಗೆ ಮಾಡಿ. ಕುರ್ಚಿಯಲ್ಲಿ ಕೂತು, ಕೈಗೆ ಹಿತ ಅನ್ನಿಸುವಂತೆ ಗಿಟಾರ್ ಇಟ್ಟುಕೊಳ್ಳಿ. ಕೂತಿರುವಾಗಲೇ ಸ್ಟ್ರಾಪ್ ಹಾಕಿ, ಅದು ಭುಜದ ಮೇಲೆ ಬಿಗಿಯಾಗುವವರೆಗೆ ಗಿಡ್ಡ ಮಾಡಿ. ಈಗ ಎದ್ದು ನಿಲ್ಲಿ. ಗಿಟಾರ್ ಕೂತಾಗ ಇದ್ದ ಜಾಗದಲ್ಲೇ ಇರಬೇಕು. ನೆಕ್ (ಗಿಟಾರಿನ ಉದ್ದನೆಯ ಕತ್ತು) ನೆಲಕ್ಕೆ ಸಮನಾಗಿ ಬೇಡ. ತುದಿ ಹೆಚ್ಚುಕಡಿಮೆ ಭುಜದ ಎತ್ತರಕ್ಕೆ ಬರುವಂತೆ ಓರೆಯಾಗಿರಲಿ. ಗಿಟಾರನ್ನು ತೊಡೆಯವರೆಗೆ ಇಳಿಬಿಟ್ಟು ನುಡಿಸುವವರನ್ನು ನೋಡಿ ಆಸೆಯಾಗುವುದು ಸಹಜ. ಆದರೆ ವಾರ ವಾರ ನುಡಿಸುವವರಿಗೆ ನಾನು ಅದನ್ನು ಹೇಳಲಾರೆ.

ಇನ್ನೊಂದು ವಿಷಯ. ನಿಂತಾಗ ಎರಡೂ ಕೈ ಬಿಡಿ. ನೆಕ್ ಕೆಳಗೆ ಜಗ್ಗುತ್ತದೆಯೇ? ಹಾಗಿದ್ದರೆ ನಿಮ್ಮ ಎಡಗೈ ನುಡಿಸುವುದರ ಜೊತೆಗೆ ಗಿಟಾರನ್ನೂ ಹೊರುತ್ತಿದೆ. ಅಗಲವಾದ, ಒಳಮೈ ಒರಟಾಗಿರುವ ಚರ್ಮದ ಸ್ಟ್ರಾಪ್ ಹಾಕಿ. ನೈಲಾನ್ ಪಟ್ಟಿ ಭುಜದ ಮೇಲೆ ಜಾರುತ್ತದೆ.

ಹೆಬ್ಬೆರಳಿನ ಬುಡ ನೋಯುವುದಕ್ಕೆ ಕಾರಣ ಸಾಮಾನ್ಯವಾಗಿ ಹಿಂದಿನಿಂದ ಒತ್ತಿ ಹಿಡಿಯುವುದು. ಹೆಬ್ಬೆರಳು ನೆಕ್ ಹಿಂದೆ, ಮಧ್ಯದ ಬೆರಳಿನ ನೇರಕ್ಕೆ, ಸುಮ್ನೆ ತಾಗಿಕೊಂಡಿದ್ದರೆ ಸಾಕು. ಬಲ ಮುಂಗೈಯಿಂದ ಗಿಟಾರಿನ ಮೈಯನ್ನು ಮೆಲ್ಲಗೆ ಹೊಟ್ಟೆಗೆ ಒತ್ತಿಕೊಂಡು, ಹೆಬ್ಬೆರಳನ್ನು ಪೂರ್ತಿ ತೆಗೆದು ನಾಲ್ಕು ಸ್ವರ ನುಡಿಸಿ ನೋಡಿ. ತೋಳಿನ ಭಾರವೇ ತಂತಿಯನ್ನು ಒತ್ತುತ್ತದೆ. ಅದೇ ಹಗುರತನದಲ್ಲಿ ಹೆಬ್ಬೆರಳನ್ನು ವಾಪಸ್ ಇಡಿ. ಬೆರಳನ್ನು ಫ್ರೆಟ್ ಕಂಬಿಯ (ನೆಕ್ ಮೇಲೆ ಅಡ್ಡಕ್ಕೆ ಕೂರಿಸಿದ ಲೋಹದ ಗೆರೆ) ಬೆನ್ನಿಗೇ ಇಡಿ. ಎರಡು ಕಂಬಿಗಳ ನಟ್ಟನಡುವೆ ಒತ್ತಿದರೆ ಜಾಸ್ತಿ ಬಲ ಬೇಕು, ಬಜ್ (ತಂತಿ ಕಂಬಿಗೆ ತಾಗಿ ಬರುವ ಝರ್ ಸದ್ದು) ಕೂಡ ಬರುತ್ತದೆ.

ಈಗ ಚಿಕ್ಕ ಕೈ ಬಗ್ಗೆ. ಸಾಮಾನ್ಯ ಬೇಸ್ ಗಿಟಾರಿನ ಸ್ಕೇಲ್, ಅಂದರೆ ತಂತಿಯ ನುಡಿಯುವ ಭಾಗದ ಉದ್ದ, 34 ಇಂಚು. 1951ರಲ್ಲಿ ಬಂದ ಫೆಂಡರ್ ಪ್ರಿಸಿಷನ್ ಬೇಸ್‌ನಿಂದ ಈ ಅಳತೆ ರೂಢಿಯಾಯಿತು. ಇದರಲ್ಲಿ ಮೊದಲ ಫ್ರೆಟ್‌ನಿಂದ ನಾಲ್ಕನೆಯದಕ್ಕೆ ಸುಮಾರು 13 ಸೆಂಟಿಮೀಟರ್ ದೂರ. ಐದರಿಂದ ಎಂಟಕ್ಕೆ 10 ಸೆಂಟಿಮೀಟರ್ ಚಿಲ್ಲರೆ. ಹಾಗಿದ್ದೂ ಎಷ್ಟೋ ಕಡೆ ಮೊದಲ ದಿನದಿಂದಲೇ ನೆಕ್ ತುದಿಯ ಕಡೆಯ ಫ್ರೆಟ್‌ಗಳಲ್ಲಿ ಒಂದು ಫ್ರೆಟ್‌ಗೆ ಒಂದು ಬೆರಳು ಅಂತ ಹೇಳಿಕೊಡುತ್ತಾರೆ. ಇದು ನನಗೆ ಸರಿ ಕಾಣುವುದಿಲ್ಲ. ವಿಯೆನ್ನಾದಲ್ಲಿದ್ದ ಡಬಲ್ ಬೇಸ್ (ಪಿಟೀಲಿನ ಜಾತಿಯ ದೊಡ್ಡ ವಾದ್ಯ) ವಾದಕ ಫ್ರಾಂಟ್ಸ್ ಸಿಮಾಂಡ್ಲ್ (1840–1912) ಹೆಸರಿನಲ್ಲಿ ಇಂದಿಗೂ ಬಳಕೆಯಲ್ಲಿರುವ ಕ್ರಮವೊಂದಿದೆ. ತೋರುಬೆರಳು, ಮಧ್ಯದ ಬೆರಳು, ಕಿರುಬೆರಳು ಈ ಮೂರರಿಂದ ಮೂರು ಸ್ವರ. ಉಂಗುರ ಬೆರಳು ಕಿರುಬೆರಳಿಗೆ ಆಸರೆ. ನಾಲ್ಕನೆಯ ಸ್ವರ ಬೇಕಾದರೆ ಕೈಯೇ ಸರಿಯುತ್ತದೆ, ಬೆರಳು ಎಳೆಯುವುದಿಲ್ಲ. ಐದನೇ ಫ್ರೆಟ್ ದಾಟುವವರೆಗೆ ನೀವೂ ಹೀಗೇ ನುಡಿಸಿ. ಹೆಬ್ಬೆರಳನ್ನು ಒಂದೇ ಕಡೆ ಕಚ್ಚಿಸಬೇಡಿ, ಕೈ ಜೊತೆ ಓಡಾಡಲಿ.

ಕರಾವಳಿಯಲ್ಲಿದ್ದೀರಿ, ಮಳೆಗಾಲದ ತೇವಕ್ಕೆ ಮರದ ನೆಕ್ ಬಾಗಿ ತಂತಿ ಮೇಲೇಳಬಹುದು. 12ನೇ ಫ್ರೆಟ್ ಹತ್ತಿರ ದಪ್ಪ ತಂತಿ ಕಂಬಿಯಿಂದ ಎಷ್ಟು ಎತ್ತರದಲ್ಲಿದೆ ಅಳೆಯಿರಿ. 2ರಿಂದ 2.5 ಮಿಲಿಮೀಟರ್ ಇದ್ದರೆ ಹಿತ. 3 ದಾಟಿದ್ದರೆ ತಿಳಿದವರಿಂದ ಸೆಟಪ್ (ನೆಕ್, ತಂತಿಗಳ ಹೊಂದಾಣಿಕೆ) ಮಾಡಿಸಿ. ನೆಕ್ ಒಳಗಿನ ಬಾಗು ಸರಿಪಡಿಸುವ ಟ್ರಸ್ ರಾಡ್ ಅನ್ನು ಅಂದಾಜಿನ ಮೇಲೆ ತಿರುಗಿಸಬೇಡಿ.

ಬ್ಯಾಂಡಿನಲ್ಲಿ ನಿಮ್ಮ ಸದ್ದು ನಿಮಗೆ ಕೇಳುತ್ತದೆಯೇ? ಡ್ರಮ್ಸ್ ಪಕ್ಕ ನಿಂತು, ಆಂಪ್ (ಸದ್ದು ಹೆಚ್ಚಿಸುವ ಸ್ಪೀಕರ್ ಪೆಟ್ಟಿಗೆ) ಕಾಲ ಬಳಿ ಇದ್ದರೆ ಕೇಳುವುದಿಲ್ಲ. ಕೇಳದಿದ್ದರೆ ಗೊತ್ತಿಲ್ಲದೆಯೇ ಎರಡೂ ಕೈ ಬಿಗಿಯಾಗುತ್ತವೆ. ಆಂಪನ್ನು ಸ್ಟೂಲ್ ಮೇಲೆ, ಕಿವಿಗೆ ಹತ್ತಿರ ಇಡಿ.

ಇಷ್ಟಾದ ಮೇಲೂ ನೋವು ಹೋಗದಿದ್ದರೆ, ಬೆರಳು ಜುಮ್ಮೆಂದರೆ ಅಥವಾ ರಾತ್ರಿ ಮರಗಟ್ಟಿದರೆ, ನುಡಿಸುವುದು ನಿಲ್ಲಿಸಿ ವೈದ್ಯರಿಗೆ ತೋರಿಸಿ. ನೋವು ಸಹಿಸಿಕೊಂಡು ಅಭ್ಯಾಸ ಮಾಡಿದರೆ ಅಭ್ಯಾಸ ಕೂಡುವುದಿಲ್ಲ, ಗಾಯ ಕೂಡುತ್ತದೆ.

ಪ್ರಶ್ನೆ: ಮಗಳಿಗೆ ಹನ್ನೆರಡು ವರ್ಷ. ಶಾರ್ಟ್ ಸ್ಕೇಲ್ (ತಂತಿ ಗಿಡ್ಡವಿರುವ) ಬೇಸ್ ಕೊಡಿಸಿದರೆ ಮುಂದೆ ದೊಡ್ಡದಕ್ಕೆ ಹೊಂದಿಕೊಳ್ಳಲು ಕಷ್ಟವಾಗುತ್ತದೆಯೇ?
– ಓದುಗರು, ಹುಬ್ಬಳ್ಳಿ

ಉತ್ತರ: ಇಲ್ಲ, ಧೈರ್ಯವಾಗಿ ಕೊಡಿಸಿ. 30 ಇಂಚಿನದರಲ್ಲಿ ಮೊದಲ ನಾಲ್ಕು ಫ್ರೆಟ್‌ಗಳ ದೂರ ಹನ್ನೊಂದೂವರೆ ಸೆಂಟಿಮೀಟರ್‌ಗೆ ಇಳಿಯುತ್ತದೆ. ಇದು ಆಟಿಕೆ ಅಲ್ಲ. ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ನುಡಿಸಿದ ಹೋಫ್ನರ್ ಕೂಡ ಶಾರ್ಟ್ ಸ್ಕೇಲೇ. ತಂತಿ ಕೊಳ್ಳುವಾಗ ಮಾತ್ರ ಶಾರ್ಟ್ ಸ್ಕೇಲ್ ಸೆಟ್ ಅಂತಲೇ ಕೇಳಿ.

ಪ್ರಶ್ನೆ: ಬಲಗೈ ಹೆಬ್ಬೆರಳನ್ನು ಪಿಕಪ್ (ತಂತಿಯ ಕಂಪನ ಹಿಡಿಯುವ ಭಾಗ) ಮೇಲೆ ಊರಿ ನುಡಿಸುತ್ತೇನೆ. ಜಿ ತಂತಿಗೆ ಹೋದಾಗ ಕೈ ಬಿಗಿಯುತ್ತದೆ.
– ಓದುಗರು, ಮೈಸೂರು

ಉತ್ತರ: ಊರುವ ಜಾಗ ಬದಲಾಗುತ್ತಿರಲಿ. ದಪ್ಪದಿಂದ ತೆಳುವಿಗೆ ತಂತಿಗಳು ಇ, ಎ, ಡಿ, ಜಿ. ಇ ತಂತಿ ನುಡಿಸುವಾಗ ಪಿಕಪ್ ಮೇಲೆ ಇರಲಿ. ಎ ತಂತಿಗೆ ಬಂದಾಗ ಹೆಬ್ಬೆರಳು ಇ ಮೇಲೆ, ಡಿಗೆ ಬಂದಾಗ ಎ ಮೇಲೆ, ಜಿಗೆ ಬಂದಾಗ ಡಿ ಮೇಲೆ ಇಳಿಯಲಿ. ಬೆರಳು ಚಾಚಬೇಕಾಗಿಲ್ಲ, ಮಣಿಕಟ್ಟು ನೇರ ಉಳಿಯುತ್ತದೆ, ಹೆಬ್ಬೆರಳು ಕೂತ ತಂತಿಯೂ ಸದ್ದು ಮಾಡುವುದಿಲ್ಲ. ಹೆಬ್ಬೆರಳು ಎ ಮೇಲಿರುವಾಗ ಇ ತಂತಿ ಗುಂಯ್‌ಗುಟ್ಟಿದರೆ ಹೆಬ್ಬೆರಳಿನ ಪಕ್ಕವನ್ನು ಅದಕ್ಕೂ ತಾಗಿಸಿ.