ವಿಶ್ವಸಂಸ್ಥೆ ಮಾನ್ಯತೆಗೆ ಸಲಹೆಗಾರರಿಗೆ ದುಡ್ಡು ಕೊಡಬೇಕಾ?

ರಾಯಚೂರಿನ ನಿಮ್ಮ ಸಂಸ್ಥೆ ಹಳ್ಳಿಗಳ ಫ್ಲೋರೈಡ್ ನೀರಿನ ಮೇಲೆ ಕೆಲಸ ಮಾಡುತ್ತಿದೆ, ಸಲಹೆಗಾರರೊಬ್ಬರು ವಿಶ್ವಸಂಸ್ಥೆಯ ಮಾನ್ಯತೆ ಕೊಡಿಸ್ತೀನಿ ಅಂತ ದುಡ್ಡು ಕೇಳಿದ್ದಾರೆ, ಕೊಡಬಹುದಾ ಅಂತ ಕೇಳಿದ್ದೀರಿ.

‘ಕೊಡಿಸೋಕೆ’ ಅಂತಾದರೆ ಬೇಡ. ಮಾನ್ಯತೆ ಅಂದರೆ ಸಾಮಾನ್ಯವಾಗಿ ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಳಿಯ ಸಮಾಲೋಚನಾ ಸ್ಥಾನಮಾನ, ಅಂದರೆ ಅಲ್ಲಿನ ಸಭೆಗಳಲ್ಲಿ ಪಾಲ್ಗೊಂಡು ಅಭಿಪ್ರಾಯ ಹೇಳುವ ಅವಕಾಶ. ಅದಕ್ಕೆ ಅರ್ಜಿ ಆನ್‌ಲೈನ್‌ನಲ್ಲೇ ಹಾಕುವುದು, ಶುಲ್ಕ ಇಲ್ಲ. ಸಂಸ್ಥೆಗೆ ಕನಿಷ್ಠ 2 ವರ್ಷ ಆಗಿರಬೇಕು. 19 ದೇಶಗಳ ಸಮಿತಿ ಅರ್ಜಿ ನೋಡುತ್ತದೆ. ಯಾವುದೋ ಒಂದು ದೇಶದವರು ಪ್ರಶ್ನೆ ಕೇಳಿದರೂ ಸಾಕು, ಮುಂದಿನ ಸಭೆಗೆ ಹೋಗುತ್ತದೆ. ಹೀಗಿರುವಾಗ ಗ್ಯಾರಂಟಿ ಯಾರು ಕೊಡ್ತಾರೆ, ಅಲ್ವಾ? ಅರ್ಜಿ ಬರೆಯಲು, ದಾಖಲೆ ಇಂಗ್ಲಿಷಿಗೆ ತರಲು ಸಹಾಯ ಬೇಕಿದ್ದರೆ ಇಷ್ಟು ಕೆಲಸಕ್ಕೆ ಇಷ್ಟು ಅಂತ ಮಾತಾಡಿಕೊಳ್ಳಿ.

ಇನ್ನು ಜಿನೀವಾದಲ್ಲಿರುವ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ ದೇಶಗಳನ್ನು ಸರದಿಯಂತೆ ಪರಿಶೀಲಿಸುವಾಗ ವರದಿ ಕಳಿಸಲು ಈ ಸ್ಥಾನಮಾನವೇ ಬೇಕಿಲ್ಲ. ಭಾರತದ ಸರದಿ 2022ರ ನವೆಂಬರ್‌ನಲ್ಲಿ ಬಂದಿತ್ತು.

ವಿದೇಶಿ ದೇಣಿಗೆ ಆಸೆ ಇದ್ದರೆ ಅದು ಬೇರೆ ದಾರಿ. ಅದಕ್ಕೆ ಕೇಂದ್ರ ಗೃಹ ಸಚಿವಾಲಯದ ನೋಂದಣಿ ಬೇಕು. ವಿದೇಶಿ ದೇಣಿಗೆ ಕಾಯ್ದೆಯ 2020ರ ತಿದ್ದುಪಡಿ ನಂತರ ಆ ಹಣದಲ್ಲಿ ಆಡಳಿತ ಖರ್ಚು 20%ಗಿಂತ ಜಾಸ್ತಿ ಮಾಡುವಂತಿಲ್ಲ.

ನನ್ನ ಪ್ರಕಾರ ಮೊದಲು ಬೋರ್‌ವೆಲ್‌ಗಳ ನೀರಿನ ಪರೀಕ್ಷಾ ವರದಿ ಹಿಡಿದು ಜಿಲ್ಲಾ ಪಂಚಾಯಿತಿಗೆ ಹೋಗಿ. ಅನುದಾನದ ಮಾತು ಬಂದರೆ ಕಲಬುರಗಿಯಲ್ಲಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ. ಜಿನೀವಾಕ್ಕಿಂತ ಹತ್ತಿರ, ಬಸ್ಸೂ ಇದೆ.