ಕಾರ್ಡ್ ಕೊಳ್ಳುವ ಮೊದಲು ಸಿಪಿಯು ಹಿಂದೆ ನೋಡಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವರು ಕೇಳಿರುವುದು ಒಂದೇ ಮಾತು. ಮನೆಯ ಕಂಪ್ಯೂಟರಿನಲ್ಲಿ ಚಿತ್ರ ತಡವರಿಸುತ್ತದೆ, ಯಾವ ಗ್ರಾಫಿಕ್ಸ್ ಕಾರ್ಡ್ (ಪರದೆಯ ಚಿತ್ರ ಮೂಡಿಸುವ ಬಿಡಿಭಾಗ) ಹಾಕಿಸಲಿ? ದಾವಣಗೆರೆಯಲ್ಲಿ ನಾನು ರಿಪೇರಿ ಅಂಗಡಿ ಇಟ್ಟು 19 ವರ್ಷ ಆಯಿತು. ಇದೇ ಪ್ರಶ್ನೆ ಹೊತ್ತು ಬಂದ ಎಷ್ಟೋ ಜನರನ್ನು ಕಾರ್ಡ್ ಮಾರದೆ ವಾಪಸ್ ಕಳಿಸಿದ್ದೇನೆ. ಅವರ ದುಡ್ಡೂ ಉಳಿಯಿತು, ಕಂಪ್ಯೂಟರೂ ಸರಿಹೋಯಿತು. ಅದಕ್ಕೇ ಈ ಸಂಚಿಕೆಯಲ್ಲಿ ಐದು ಪತ್ರಗಳಿಗೆ ಸ್ವಲ್ಪ ಬಿಡಿಸಿ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಮೇಡಂ, ಮಗಳು ಇಂಟೀರಿಯರ್ ಡಿಸೈನ್ ಓದುತ್ತಿದ್ದಾಳೆ. ಮನೆಯ ಕಂಪ್ಯೂಟರಿನಲ್ಲಿ ಸ್ಕೆಚ್‌ಅಪ್ ಎಂಬ 3ಡಿ ವಿನ್ಯಾಸದ ಪ್ರೋಗ್ರಾಂ ಬಹಳ ನಿಧಾನ. ಐ5-10400 ಪ್ರೊಸೆಸರ್, 8 ಜಿಬಿ ರ‍್ಯಾಮ್ ಇದೆ. ಹೋದ ತಿಂಗಳು ಜಿಟಿಎಕ್ಸ್ 1650 ಕಾರ್ಡ್ ಹಾಕಿಸಿದೆ. ಒಂದಿಷ್ಟೂ ವ್ಯತ್ಯಾಸ ಆಗಿಲ್ಲ. ಮಾನಿಟರ್ 2011ರದ್ದು, ನೀಲಿ ತುದಿಯ ಕೇಬಲ್. ಅದು ಕಾರ್ಡಿಗೆ ಹೊಂದಲಿಲ್ಲ ಎಂದು ಮೊದಲಿದ್ದ ಜಾಗಕ್ಕೇ ಸಿಕ್ಕಿಸಿ ಕೊಟ್ಟರು. ಈ ಕಾರ್ಡ್ ಮಾರಿ ಇನ್ನೂ ದೊಡ್ಡದು ತೆಗೆದುಕೊಳ್ಳಬೇಕೇ? — ಓದುಗರು, ಭದ್ರಾವತಿ

ಉತ್ತರ: ದಯವಿಟ್ಟು ಮಾರಬೇಡಿ. ನಿಮ್ಮ ಕಾರ್ಡ್ ಚೆನ್ನಾಗಿಯೇ ಇದೆ ಅನ್ನಿಸುತ್ತದೆ. ಅದಕ್ಕೆ ಯಾರೂ ಕೆಲಸ ಕೊಟ್ಟಿಲ್ಲ, ಅಷ್ಟೇ. ಇಡೀ ಪತ್ರದ ಉತ್ತರ ನೀವು ಬರೆದ ಆ ನೀಲಿ ಕೇಬಲ್‌ನಲ್ಲಿದೆ.

ಸಿಪಿಯು ಡಬ್ಬವನ್ನು ಗೋಡೆಯಿಂದ ಈಚೆ ಎಳೆದು ಹಿಂಭಾಗ ನೋಡಿ. ಮೇಲ್ಗಡೆ ಕೀಬೋರ್ಡ್, ಮೌಸ್, ಇಂಟರ್ನೆಟ್ ವೈರ್ ಸಿಕ್ಕಿಸುವ ಜಾಗದಲ್ಲೇ ಉದ್ದಕ್ಕೆ ಒಂದು ನೀಲಿ ವಿಜಿಎ ಪೋರ್ಟ್ ಇರುತ್ತದೆ. ಅದು ಮದರ್‌ಬೋರ್ಡಿನದು, ಅಂದರೆ ಎಲ್ಲ ಭಾಗಗಳೂ ಕೂರುವ ಮುಖ್ಯ ಹಲಗೆಯದು. ಅದರ ಕೆಳಗೆ ಅಡ್ಡಕ್ಕೆ ಮಲಗಿದ ಪೋರ್ಟುಗಳು ಕಾರ್ಡಿನವು. ನಿಮ್ಮ ಮಾನಿಟರ್ ಈಗಲೂ ಮೇಲಿನದಕ್ಕೇ ಅಂಟಿಕೊಂಡಿದೆ. ಹಾಗಾಗಿ ಸ್ಕೆಚ್‌ಅಪ್ ಎಳೆಯುವ ಭಾರವೆಲ್ಲ ಪ್ರೊಸೆಸರಿನೊಳಗಿನ ಪುಟ್ಟ ಇಂಟೆಲ್ ಗ್ರಾಫಿಕ್ಸ್ ಮೇಲೆ ಬಿದ್ದಿದೆ. ಕಾರ್ಡ್ ಹಾಕಿದ ಕೂಡಲೇ ತನ್ನ ಗ್ರಾಫಿಕ್ಸನ್ನು ತಾನೇ ಆಫ್ ಮಾಡಿಕೊಳ್ಳುವ ಮದರ್‌ಬೋರ್ಡುಗಳೂ ಇವೆ. ಹಾಗಾಗಿದ್ದರೆ ಪರದೆ ಕಪ್ಪಾಗಿ ತಪ್ಪು ಅಂದೇ ಗೊತ್ತಾಗುತ್ತಿತ್ತು. ನಿಮ್ಮಲ್ಲಿ ಅದು ಆನ್ ಇದೆ, ಚಿತ್ರ ಬರುತ್ತಿದೆ, ಹಾಗಾಗಿ ಯಾರಿಗೂ ಸಂಶಯ ಬರಲಿಲ್ಲ.

ನನ್ನ ಮಾತನ್ನು ಸುಮ್ನೆ ನಂಬಬೇಡಿ, ಮಗಳ ಕೈಲಿ ಪರೀಕ್ಷೆ ಮಾಡಿಸಿ. ಸ್ಕೆಚ್‌ಅಪ್‌ನಲ್ಲಿ ದೊಡ್ಡ ಮಾಡೆಲ್ ಒಂದನ್ನು ತೆರೆಯಲಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರ ಪರ್ಫಾರ್ಮೆನ್ಸ್ ಪುಟದಲ್ಲಿ ಜಿಪಿಯು 0, ಜಿಪಿಯು 1 ಎಂದು ಎರಡು ಕಾಣುತ್ತವೆ. ಜಿಪಿಯು ಅಂದರೆ ಚಿತ್ರ ಮೂಡಿಸುವ ಚಿಪ್. ಮಾಡೆಲನ್ನು ಗಿರಗಿರ ತಿರುಗಿಸುವಾಗ ಯಾವುದರ ಗೆರೆ ಮೇಲೇಳುತ್ತದೆ ನೋಡಲಿ. ಇಂಟೆಲ್ ಹೆಸರಿನದು ಏರಿ ಎನ್‌ವಿಡಿಯಾ ಹೆಸರಿನದು, ಅಂದರೆ ನಿಮ್ಮ ಕಾರ್ಡ್, ನೆಲ ಹಿಡಿದಿದ್ದರೆ ನಾನು ಹೇಳಿದ್ದೇ ನಿಜ.

ಈಗ ಪರಿಹಾರ. ಜಿಟಿಎಕ್ಸ್ 1650ರಲ್ಲಿ ವಿಜಿಎ ಇಲ್ಲ. ಎಚ್‌ಡಿಎಂಐ ಇದ್ದೇ ಇರುತ್ತದೆ. ಎಚ್‌ಡಿಎಂಐನಿಂದ ವಿಜಿಎಗೆ ಬದಲಿಸುವ ಕನ್ವರ್ಟರ್ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಒಳಗೆ ಚಿಪ್ ಇರುವ ಕನ್ವರ್ಟರೇ ಬೇಕು ಎಂದು ಕೇಳಿ, ಬರೀ ವೈರ್ ಕೆಲಸ ಮಾಡುವುದಿಲ್ಲ. ಕಾರ್ಡಿನಲ್ಲಿ ಬಿಳಿ ಡಿವಿಐ ಪೋರ್ಟ್ ಇದ್ದರೂ ಹಳೆಯ ಡಿವಿಐ-ವಿಜಿಎ ಪಿನ್ ತಂದು ಒತ್ತಬೇಡಿ. ಅದಕ್ಕೆ ಬೇಕಾದ ನಾಲ್ಕು ತೂತು ಈ ಕಾರ್ಡುಗಳಲ್ಲಿ ಇರುವುದಿಲ್ಲ, ಒತ್ತಿದರೆ ಪಿನ್ ಮುರಿಯುತ್ತದೆ. ಕನ್ವರ್ಟರ್ ಸಿಗುವವರೆಗೆ ಮಗಳ ಕೆಲಸ ನಿಲ್ಲಬಾರದು ಅಲ್ವಾ? ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಡಿಸ್‌ಪ್ಲೇ, ಗ್ರಾಫಿಕ್ಸ್ ಎಂದು ಹೋಗಿ ಸ್ಕೆಚ್‌ಅಪ್‌ಗೆ ಹೈ ಪರ್ಫಾರ್ಮೆನ್ಸ್ ಆರಿಸಲಿ. ವಿಂಡೋಸ್ 10 ಮತ್ತು 11ರಲ್ಲಿ ಈಗಿರುವ ಕೇಬಲ್‌ನಲ್ಲೇ ಕಾರ್ಡಿಗೆ ಕೆಲಸ ಒಪ್ಪಿಸುವ ದಾರಿ ಇದು. ಆದರೂ ಕೇಬಲ್ ಕಾರ್ಡಿಗೇ ಹೋಗಲಿ, ಅದೇ ಸರಿ.

ಕಾರ್ಡ್ ಹಾಕಿದವರು ಈ ಒಂದು ಮಾತು ಹೇಳಿದ್ದರೆ ನಿಮಗೆ ಒಂದು ತಿಂಗಳ ಬೇಸರ ತಪ್ಪುತ್ತಿತ್ತು. ನನ್ನ ಅಂಗಡಿಗೆ ಹೊಸದಾಗಿ ಬರುವ ಹುಡುಗರಿಗೆ ನಾನು ಮೊದಲು ಕಲಿಸುವುದೇ ಇದನ್ನು.

ಪ್ರಶ್ನೆ: ಅಕ್ಕಾ, ಮನೆಯಲ್ಲೇ ಮದುವೆ ವಿಡಿಯೋ ಎಡಿಟಿಂಗ್ ಮಾಡುತ್ತೇನೆ. ಕಾರ್ಡ್ ಜಿಟಿಎಕ್ಸ್ 1060. ಬೆಳಗ್ಗೆ ಶುರು ಮಾಡಿದಾಗ ಇಪ್ಪತ್ತು ನಿಮಿಷ ಚೆನ್ನಾಗಿ ಓಡುತ್ತದೆ. ಆಮೇಲೆ ಎಳೆಯಲು ಶುರು. ವಿಂಡೋಸ್ ಎರಡು ಸಲ ಹೊಸದಾಗಿ ಹಾಕಿಸಿದೆ. ಕಂಪ್ಯೂಟರ್ ಟೇಬಲ್ಲಿನ ಫೋಟೋ ಕಳಿಸಿದ್ದೇನೆ. — ಓದುಗರು, ದಾವಣಗೆರೆ

ಉತ್ತರ: ಮೊದಲು ಚೆನ್ನಾಗಿ ಓಡಿ ಆಮೇಲೆ ನಿಧಾನ ಆಗುತ್ತದೆ ಎಂದರೆ ನಾನು ಮೊದಲು ಕೇಳುವುದು ಬಿಸಿಯ ಬಗ್ಗೆ. ಸಾಫ್ಟ್‌ವೇರ್ ತೊಂದರೆ ಗಡಿಯಾರ ನೋಡಿಕೊಂಡು ಬರುವುದು ಕಡಿಮೆ. ನಿಮ್ಮ ಕಾರ್ಡಿನಂಥವು ಸುಮಾರು 83 ಡಿಗ್ರಿ ಮುಟ್ಟಿದಾಗ ತಮ್ಮನ್ನು ಉಳಿಸಿಕೊಳ್ಳಲು ವೇಗ ಇಳಿಸಿಕೊಳ್ಳುತ್ತವೆ. ಅದು ಕೆಟ್ಟಿಲ್ಲ, ಬಿಸಿ ತಡೆಯಲಾಗದೆ ನಿಧಾನ ಮಾಡುತ್ತಿದೆ.

ಫೋಟೋ ನೋಡಿದೆ. ಸಿಪಿಯು ಮರದ ಟೇಬಲ್ಲಿನ ಗೂಡಿನೊಳಗೆ ಕೂತಿದೆ, ಮುಂದೆ ಬಾಗಿಲು ಬೇರೆ. ಮೇಲೆ ಕಸೂತಿ ಹಾಕಿದ ಬಟ್ಟೆಯ ಕವರ್. ಯಾರೋ ಪ್ರೀತಿಯಿಂದ ಹೊಲಿದಿದ್ದಾರೆ, ಗೊತ್ತಾಗುತ್ತದೆ. ಆದರೆ ಕಂಪ್ಯೂಟರ್ ಆನ್ ಇರುವಾಗ ಆ ಕವರ್ ಇರಲೇಬಾರದು. ಇವತ್ತೇ ಅದನ್ನು ತೆಗೆಯಿರಿ, ಡಬ್ಬವನ್ನು ಗೂಡಿನಿಂದ ಹೊರಗೆ ಇಡಿ, ಹಿಂದೆ ಒಂದು ಗೇಣು ಜಾಗ ಬಿಡಿ. ಟಾಸ್ಕ್ ಮ್ಯಾನೇಜರಿನ ಜಿಪಿಯು ಪುಟದಲ್ಲಿ ಕಾರ್ಡಿನ ತಾಪಮಾನ ಕಾಣುತ್ತದೆ. ಗೂಡಿನ ಒಳಗಿದ್ದಾಗ ಎಷ್ಟು, ಹೊರಗೆ ಎಷ್ಟು ಎಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ.

ಇನ್ನು ದೂಳು. ನಿಮ್ಮ ಮನೆ ಮಂಡಕ್ಕಿ ಭಟ್ಟಿ ಕಡೆ ಎಂದು ಬರೆದಿದ್ದೀರಿ. ಆ ಕಡೆಯ ಡಬ್ಬ ತೆರೆದರೆ ನನಗೆ ವಿಳಾಸ ಕೇಳುವುದೇ ಬೇಕಾಗಿಲ್ಲ. ಬೇರೆ ಮನೆಗಳ ದೂಳು ಹತ್ತಿಯ ಹಾಗೆ ಬೂದಿ ಬಣ್ಣ, ಊದಿದರೆ ಹಾರುತ್ತದೆ. ಭಟ್ಟಿ ಕಡೆಯದು ಕಪ್ಪು ಮಸಿ, ಜಿಡ್ಡು ಹಿಡಿದಿರುತ್ತದೆ, ಬ್ಲೋವರ್‌ಗೆ ಜಗ್ಗುವುದಿಲ್ಲ. ಕರೆಂಟಿನ ವೈರ್ ಕಿತ್ತು, ಡಬ್ಬದ ಕಬ್ಬಿಣವನ್ನು ಒಮ್ಮೆ ಮುಟ್ಟಿ, ಆಮೇಲೆ ಕಾರ್ಡಿಗೆ ಕೈಹಾಕಿ. ಸ್ಲಾಟಿನ ತುದಿಯಲ್ಲಿ ಒಂದು ಸಣ್ಣ ಕ್ಲಿಪ್ ಇರುತ್ತದೆ, ಅದನ್ನು ಒತ್ತಿದರೇ ಕಾರ್ಡ್ ಬಿಡುವುದು. ಮೆತ್ತನೆಯ ಒಣ ಬ್ರಷ್‌ನಿಂದ ಬಿಸಿ ಹೊರಹಾಕುವ ಲೋಹದ ರೆಕ್ಕೆಗಳ ನಡುವೆ ಉಜ್ಜಿ. ಬ್ಲೋವರ್ ಬಳಸುವುದಾದರೆ ಫ್ಯಾನನ್ನು ಬೆರಳಲ್ಲಿ ಹಿಡಿದುಕೊಳ್ಳಿ, ಗಾಳಿಗೆ ಅದು ಜೋರಾಗಿ ಸುತ್ತಿದರೆ ಬೇರಿಂಗ್ ಹೋಗುತ್ತದೆ. ಒದ್ದೆ ಬಟ್ಟೆ ಬೇಡವೇ ಬೇಡ. ಇಷ್ಟಾದ ಮೇಲೂ 83ರ ಹತ್ತಿರವೇ ನಿಂತರೆ ಚಿಪ್ ಮೇಲಿನ, ಅದರ ಬಿಸಿಯನ್ನು ಲೋಹಕ್ಕೆ ದಾಟಿಸುವ ಪೇಸ್ಟ್ ಒಣಗಿರಬಹುದು. 1060 ಬಂದದ್ದು 2016ರಲ್ಲಿ, ಪೇಸ್ಟ್ ಒಣಗುವಷ್ಟು ವರ್ಷ ಆಗಿದೆ. ಅದನ್ನು ಮನೆಯಲ್ಲಿ ಮಾಡಲು ಹೋಗಬೇಡಿ, ಕಾರ್ಡ್ ಬಿಚ್ಚಿ ಅಭ್ಯಾಸ ಇರುವವರ ಹತ್ತಿರ ಮಾಡಿಸಿ.

2014ರ ಬೇಸಿಗೆಯಲ್ಲಿ ಒಬ್ಬ ಫೋಟೋ ಸ್ಟುಡಿಯೋದವರು ಇದೇ ದೂರು ತಂದಿದ್ದರು. ನಾನು ಡಬ್ಬದ ಬದಿ ಬಿಚ್ಚಿ ನೋಡದೆ ಹೊಸ ಕಾರ್ಡ್ ಹಾಕಿ ಕಳಿಸಿದೆ. ಒಂದು ತಿಂಗಳಿಗೆ ಅದೂ ನಿಧಾನವಾಯಿತು. ಆಮೇಲೆ ಬಿಚ್ಚಿದರೆ ಹಿಂದಿನ ಫ್ಯಾನ್ ತಿರುಗುತ್ತಲೇ ಇರಲಿಲ್ಲ. ಫ್ಯಾನ್ ಬದಲಿಸಿದೆ, ಅವರ ಹಳೆಯ ಕಾರ್ಡನ್ನೇ ವಾಪಸ್ ಹಾಕಿದೆ, ದುಡ್ಡು ಹಿಂದಿರುಗಿಸಿದೆ. ಅವತ್ತಿನಿಂದ ಬದಿ ಬಿಚ್ಚದೆ ಯಾರಿಗೂ ಕಾರ್ಡ್ ಮಾರಿಲ್ಲ.

ಪ್ರಶ್ನೆ: ನನ್ನದು ರೈಜನ್ 5 5600ಜಿ. ಬೇರೆ ಕಾರ್ಡ್ ಇಲ್ಲ. ರ‍್ಯಾಮ್ 8 ಜಿಬಿ, ಒಂದೇ ಸ್ಟಿಕ್. ಇದೇ ಪ್ರೊಸೆಸರ್ ಇರುವ ಗೆಳೆಯನ ಮನೆಯಲ್ಲಿ ಗೇಮ್ ಸಲೀಸಾಗಿ ಓಡುತ್ತದೆ, ನನ್ನಲ್ಲಿ ಜಗ್ಗುತ್ತದೆ. — ವಿದ್ಯಾರ್ಥಿ, ಶಿರಸಿ

ಉತ್ತರ: ಗೆಳೆಯನಿಗೆ ಫೋನ್ ಮಾಡಿ, ಅವನದು ಎಷ್ಟು ಸ್ಟಿಕ್ ಎಂದು ಕೇಳಪ್ಪ. ಎರಡು ಅನ್ನುತ್ತಾನೆ ನೋಡು.

ನಿನ್ನ ಪ್ರೊಸೆಸರಿನೊಳಗೇ ಗ್ರಾಫಿಕ್ಸ್ ಇದೆ, ಆದರೆ ಅದಕ್ಕೆ ಸ್ವಂತ ಮೆಮೊರಿ ಇಲ್ಲ. ನಿನ್ನ ರ‍್ಯಾಮನ್ನೇ ಹಂಚಿಕೊಂಡು ಬದುಕಬೇಕು. 3200 ವೇಗದ ಡಿಡಿಆರ್4 ಸ್ಟಿಕ್ ಒಂದೇ ಇದ್ದರೆ ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ಸಾಗುತ್ತದೆ. ಎರಡು ಸ್ಟಿಕ್ ಹಾಕಿದರೆ 51.2. ಒಂದೇ ನಲ್ಲಿಗೆ ಇಡೀ ಓಣಿ ಕೊಡ ಹಿಡಿದು ನಿಂತ ಹಾಗೆ ಈಗಿನ ಪರಿಸ್ಥಿತಿ. ಅದೇ ಅಳತೆ, ಅದೇ ವೇಗದ ಇನ್ನೊಂದು 8 ಜಿಬಿ ಸ್ಟಿಕ್ ತಂದು ಹಾಕು. ಬೋರ್ಡಿನಲ್ಲಿ ನಾಲ್ಕು ಸ್ಲಾಟ್ ಇದ್ದರೆ ಸಾಮಾನ್ಯವಾಗಿ ಪ್ರೊಸೆಸರಿನಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದು. ಎರಡೇ ಇದ್ದರೆ ಯೋಚನೆಯೇ ಇಲ್ಲ.

ಹಾಕಿದ ಮೇಲೆ ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟ ನೋಡು. ಅಲ್ಲಿ ವೇಗವೂ ಬರೆದಿರುತ್ತದೆ. 3200ರ ಸ್ಟಿಕ್‌ಗೆ 2400 ಅಥವಾ 2666 ಎಂದು ತೋರಿಸಿದರೆ ಬಯಾಸ್‌ಗೆ (ಕಂಪ್ಯೂಟರ್ ಆನ್ ಆಗುವಾಗಲೇ ತೆರೆಯುವ ಮದರ್‌ಬೋರ್ಡಿನ ಸೆಟ್ಟಿಂಗ್ ಪುಟ) ಹೋಗಿ, ಸ್ಟಿಕ್ಕನ್ನು ಅದರ ಪೂರ್ತಿ ವೇಗಕ್ಕೆ ಏರಿಸುವ ಎಕ್ಸ್‌ಎಂಪಿ ಆನ್ ಮಾಡು. ಕೆಲವು ಬೋರ್ಡಿನಲ್ಲಿ ಅದಕ್ಕೆ ಡಿಒಸಿಪಿ ಅನ್ನುತ್ತಾರೆ. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ಪ್ರಶ್ನೆ: ಆನ್‌ಲೈನ್‌ನಲ್ಲಿ ಸೆಕೆಂಡ್ ಹ್ಯಾಂಡ್ ಜಿಟಿಎಕ್ಸ್ 1050 ಟಿಐ 4 ಜಿಬಿ ಕಾರ್ಡ್ ಕೊಂಡೆ. ಗೇಮ್ ಶುರುವಾಗಿ ಕಂಪ್ಯೂಟರ್ ನಿಂತುಹೋಗುತ್ತದೆ. ಡ್ರೈವರ್ (ಕಾರ್ಡ್ ನಡೆಸುವ ಸಾಫ್ಟ್‌ವೇರ್) ಹಾಕಲು ಹೋದರೆ ತೆಗೆದುಕೊಳ್ಳುವುದಿಲ್ಲ. ಕಾರ್ಡಿನಲ್ಲಿ ವಿಜಿಎ, ಡಿವಿಐ, ಎಚ್‌ಡಿಎಂಐ ಮೂರೂ ಇವೆ. — ಓದುಗರು, ಗಂಗಾವತಿ

ಉತ್ತರ: ಆ ವಿಜಿಎ ಪೋರ್ಟ್ ಓದಿಯೇ ನನಗೆ ಬೇಜಾರಾಯಿತು. 1050 ಟಿಐ ಚಿಪ್ ವಿಜಿಎ ಕೊಡುವುದಿಲ್ಲ. 2010ರ ಜಿಟಿಎಸ್ 450ಯಂಥ ಹಳೆಯ ಕಾರ್ಡುಗಳ ಒಳಗಿನ ಬಯಾಸನ್ನು, ಅಂದರೆ ಕಾರ್ಡಿನ ಗುರುತು ಹೇಳುವ ಪುಟ್ಟ ಪ್ರೋಗ್ರಾಮನ್ನು ತಿದ್ದಿ, ಹೊಸ ಹೆಸರು ಬರೆದು ಮಾರುವವರಿದ್ದಾರೆ. ವಿಂಡೋಸ್ ಆ ಸುಳ್ಳು ಹೆಸರನ್ನೇ ತೋರಿಸುತ್ತದೆ. ಜಿಪಿಯು-ಝಡ್ ಎಂಬ ಉಚಿತ ಪ್ರೋಗ್ರಾಂ ಹಾಕಿ ನೋಡಿ. ಇಂಥ ಕಾರ್ಡುಗಳನ್ನು ಅದು ಗುರುತು ಹಿಡಿದು ಹೆಸರಿನ ಮುಂದೆ ಫೇಕ್ ಎಂದು ತೋರಿಸುತ್ತದೆ. ಹಾಗೆ ಬಂದರೆ ಆ ಪರದೆಯ ಫೋಟೋ ತೆಗೆದು, ಮಾರಿದವರಿಗೂ ಆ ತಾಣಕ್ಕೂ ಕಳಿಸಿ ದುಡ್ಡು ವಾಪಸ್ ಕೇಳಿ. ತಡಮಾಡಬೇಡಿ, ವಾಪಸ್ ಕೊಡುವ ದಿನಗಳು ಮುಗಿದರೆ ಕಷ್ಟ. ಆ ಕಾರ್ಡನ್ನು ರಿಪೇರಿ ಮಾಡಿಸಲು ಮಾತ್ರ ಹೋಗಬೇಡಿ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಯೂಟ್ಯೂಬ್‌ನಲ್ಲಿ ಯಕ್ಷಗಾನ ನೋಡುವುದು ನನ್ನ ಸಂಜೆಯ ಕೆಲಸ. ಹಳೆಯ ಕೋರ್ 2 ಡ್ಯುಯೊ ಪ್ರೊಸೆಸರಿನ ಕಂಪ್ಯೂಟರ್, 2 ಜಿಬಿಯ ಜಿಟಿ 710 ಕಾರ್ಡ್. ಹಾಡು ಸರಿಯಾಗಿ ಕೇಳುತ್ತದೆ, ಕುಣಿತ ಮಾತ್ರ ತುಂಡು ತುಂಡು. 2 ಜಿಬಿ ಸಾಲದೇ? — ಓದುಗರು, ಕುಂದಾಪುರ

ಉತ್ತರ: ಟೀಚರ್, ಇಲ್ಲಿ 2 ಜಿಬಿಯದ್ದು ತಪ್ಪಿಲ್ಲ. ಜಿಬಿ ಅಂದರೆ ಗೋದಾಮು ಎಷ್ಟು ದೊಡ್ಡದು ಎಂಬ ಲೆಕ್ಕ. ಕೆಲಸದವರು ಎಷ್ಟು ಚುರುಕು ಎಂಬುದು ಬೇರೆ.

ಯೂಟ್ಯೂಬ್ ಈಗ ಹೆಚ್ಚಾಗಿ ವಿಪಿ9 ಎಂಬ ಬಗೆಯಲ್ಲಿ ವಿಡಿಯೋ ಕಳಿಸುತ್ತದೆ. ಜಿಟಿ 710ಗೆ ಅದನ್ನು ಬಿಡಿಸಲು ಬರುವುದಿಲ್ಲ. ಹಾಗಾಗಿ ಆ ಕೆಲಸ ಪೂರ್ತಿ ನಿಮ್ಮ ವಯಸ್ಸಾದ ಪ್ರೊಸೆಸರಿನ ತಲೆಗೆ ಬೀಳುತ್ತದೆ. ಧ್ವನಿಯ ಕೆಲಸ ಹಗುರ, ಅದಕ್ಕೇ ಭಾಗವತಿಕೆ ಸರಿಯಾಗಿ ಕೇಳುತ್ತದೆ. ವೇಷಧಾರಿ ಗಿರಕಿ ಹೊಡೆಯುವಾಗ ಚಿತ್ರ ಕ್ಷಣಕ್ಷಣಕ್ಕೂ ಬದಲಾಗುತ್ತದೆ, ಪ್ರೊಸೆಸರ್ ಅಲ್ಲಿ ಸೋಲುತ್ತದೆ.

ಮೊದಲು ವಿಡಿಯೋದ ಹಲ್ಲುಚಕ್ರ ಒತ್ತಿ 1080 ಇದ್ದದ್ದನ್ನು 720ಕ್ಕೆ ಇಳಿಸಿ. ನಿಮ್ಮ ಮಾನಿಟರ್ ಸಣ್ಣದಿದ್ದರೆ ಕಣ್ಣಿಗೆ ವ್ಯತ್ಯಾಸವೇ ಗೊತ್ತಾಗದಿರಬಹುದು. ಸಾಲದಿದ್ದರೆ ಫೈರ್‌ಫಾಕ್ಸ್ ಬ್ರೌಸರಿಗೆ ಎಚ್264ಇಫೈ ಎಂಬ ಎಕ್ಸ್‌ಟೆನ್ಷನ್ ಹಾಕಿಸಿ. ಅದು ಯೂಟ್ಯೂಬ್‌ನಿಂದ ಎಚ್.264 ಎಂಬ ಹಳೆಯ ಬಗೆಯನ್ನೇ ತರಿಸುತ್ತದೆ, ಅದನ್ನು ನಿಮ್ಮ ಕಾರ್ಡ್ ಬಿಡಿಸಬಲ್ಲದು. ವಿಡಿಯೋ ಮೇಲೆ ಮೌಸಿನ ಬಲಗುಂಡಿ ಒತ್ತಿ ಸ್ಟ್ಯಾಟ್ಸ್ ಫಾರ್ ನರ್ಡ್ಸ್ ಎಂಬುದನ್ನು ತೆರೆದರೆ ಕೋಡೆಕ್ಸ್ ಎಂಬ ಸಾಲು ಕಾಣುತ್ತದೆ. ಅಲ್ಲಿ ವಿಪಿ09 ಹೋಗಿ ಎವಿಸಿ1 ಬಂದಿದ್ದರೆ ಕೆಲಸ ಆಯಿತು. ಅದೇ ಪಟ್ಟಿಯಲ್ಲಿ ಬಿಟ್ಟುಹೋದ ಫ್ರೇಮುಗಳ ಲೆಕ್ಕವೂ ಇದೆ, ಅದು ಏರದೆ ನಿಲ್ಲಬೇಕು.

ಇಷ್ಟಕ್ಕೂ ಆಗದೆ ಕಾರ್ಡೇ ಬೇಕಾದರೆ ಜಿಟಿ 1030ಗೆ ವಿಪಿ9 ಬರುತ್ತದೆ. ಆದರೆ ಅದೇ ಹೆಸರಿನಲ್ಲಿ ಎರಡು ಬಗೆ ಇವೆ. 2017ರಲ್ಲಿ ಬಂದದ್ದರಲ್ಲಿ ಜಿಡಿಡಿಆರ್5 ಮೆಮೊರಿ, ಸೆಕೆಂಡಿಗೆ 48 ಜಿಬಿ. ಮರುವರ್ಷ ಬಂದದ್ದರಲ್ಲಿ ಡಿಡಿಆರ್4, 17 ಜಿಬಿಯೂ ಇಲ್ಲ. ಪೆಟ್ಟಿಗೆ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಕನ್ನಡಕ ಹಾಕಿಕೊಂಡು ಸಣ್ಣ ಅಕ್ಷರ ಓದಿ, ಜಿಡಿಡಿಆರ್5 ಎಂದು ಇದ್ದರೆ ಮಾತ್ರ ದುಡ್ಡು ಕೊಡಿ.